ಎರಡನೇ ತುತ್ತಿಗೆ ಫೋನ್ ಬರುತ್ತದೆ

ನಮ್ಮ ಸಿನಿಮಾಗಳಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣುವುದಿಲ್ಲ, ಗಮನಿಸಿದ್ದೀರಾ? ಮೊದಲನೇ ತುತ್ತು ಬಾಯಿಗಿಡುವಾಗ ಅಮ್ಮ ಮದುವೆಯ ಮಾತೆತ್ತುತ್ತಾಳೆ. ಎರಡನೇ ತುತ್ತಿಗೆ ಫೋನ್ ಬರುತ್ತದೆ. ಮೂರನೆಯದಕ್ಕೆ ಅಪ್ಪ ತಟ್ಟೆಯನ್ನೇ ಬೀಸಿ ಎಸೆಯುತ್ತಾನೆ. ಹೀರೋ ಎದ್ದು ಕೈ ತೊಳೆದದ್ದನ್ನು ನಾನಂತೂ ನೋಡಿಲ್ಲ; ಸಾರು ಮೆತ್ತಿದ ಕೈಯಲ್ಲೇ ಬೈಕ್ ಹತ್ತಿ ಹೊರಟುಬಿಡುತ್ತಾನೆ. ಕಥೆ ಬರೆದವರಿಗೆ ಇದು ಭಾವನೆ. ಕೇಟರಿಂಗ್ ಮಾಡುವ ನನಗೆ ಇದು ಲೆಕ್ಕ. ಆ ತಟ್ಟೆ ಎಷ್ಟು ಸಲ ಹಾರುತ್ತದೋ ಅಷ್ಟು ಸಲ ಅದೇ ಅನ್ನ, ಅದೇ ಹುಳಿ, ಅದೇ ಜಾಗದಲ್ಲಿ ಅದೇ ಅಳತೆಯ ಹಪ್ಪಳ ಮತ್ತೆ ತಯಾರಿರಬೇಕು.

ಮದುವೆ, ಗೃಹಪ್ರವೇಶ, ಸೀಮಂತ ನಮ್ಮ ಮೂಲ ಕಸುಬು. ಆಷಾಢ ಬಂದು ಮುಹೂರ್ತಗಳಿಲ್ಲದೆ ಒಲೆ ತಣ್ಣಗಾದಾಗ ಸಿನಿಮಾದವರ ಕೆಲಸ ಕೈ ಹಿಡಿಯುತ್ತದೆ. ಹೊರಗಿನವರು ತಿಳಿದಂತೆ ಅದು ಯೂನಿಟ್‌ಗೆ ಊಟ ಹಾಕುವ ಕೆಲಸವಲ್ಲ. ಅದಕ್ಕೆ ಬೇರೆ ಮೆಸ್‌ನವರಿದ್ದಾರೆ, ಅವರ ಕಷ್ಟ ಅವರಿಗೆ. ನಮ್ಮದು ಕ್ಯಾಮೆರಾ ಮುಂದಿನ ಊಟ. ಇದು ಬರುವುದು ಆರ್ಟ್ ಡಿಪಾರ್ಟ್‌ಮೆಂಟಿನ ಪ್ರಾಪರ್ಟಿ ಪಟ್ಟಿಯಲ್ಲಿ: ಲಾಟೀನು, ಚಾಪೆ, ಹಳೇ ರೇಡಿಯೊ, ಆಮೇಲೆ ‘ಊಟ – 1 ಸೆಟ್’. ಲಾಟೀನನ್ನು ಬೆಳಿಗ್ಗೆ ತಂದಿಟ್ಟರೆ ಸಂಜೆಯವರೆಗೂ ಲಾಟೀನೇ. ಬೆಳಿಗ್ಗೆ ತಂದಿಟ್ಟ ಮಸಾಲೆ ದೋಸೆ ಹತ್ತು ಗಂಟೆಗೆ ಏನಾಗಿರುತ್ತದೆಂದು ಪಟ್ಟಿ ಬರೆದ ಹುಡುಗನಿಗೆ ಹೊಳೆದಿರುವುದಿಲ್ಲ.

ಆ ‘1 ಸೆಟ್’ನ ನಿಜವಾದ ಅರ್ಥ ಹೀಗಿದೆ. ಮೊದಲು ಇಡೀ ಹಜಾರ ಕಾಣುವ ಮಾಸ್ಟರ್ ಶಾಟ್. ಆಮೇಲೆ ಅಪ್ಪನ ಕ್ಲೋಸ್, ಮಗನ ಕ್ಲೋಸ್, ಅಪ್ಪನ ಭುಜದ ಮೇಲಿಂದ ಮಗ, ಮಗನ ಭುಜದ ಮೇಲಿಂದ ಅಪ್ಪ, ಕಡೆಗೆ ತಟ್ಟೆಯ ಮೇಲೊಂದು ಟಾಪ್ ಆ್ಯಂಗಲ್. ಆರು ಶಾಟ್, ತಲಾ ಮೂರು ಟೇಕ್ ಎಂದುಕೊಂಡರೂ ಒಬ್ಬರಿಗೆ 18 ಸಲ ಬಡಿಸಬೇಕು. ಮೂವರು ಕೂತರೆ 54. ಇದು ಎಲ್ಲರಿಗೂ ಡೈಲಾಗ್ ಬಾಯಿಪಾಠವಾಗಿದ್ದರೆ.

ಮಾಸ್ಟರ್‌ನಲ್ಲಿ ಯಾವ ಮಾತಿಗೆ ಹಪ್ಪಳ ಮುರಿದಿದ್ದರೋ ಸಂಜೆಯವರೆಗೂ ಅದೇ ಮಾತಿಗೆ, ಅದೇ ಕೈಯಲ್ಲಿ ಮುರಿಯಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಮುರಿದ ಹಪ್ಪಳ ಕೂಡಿಕೊಳ್ಳುತ್ತದೆ. ಹೊಸ ಹುಡುಗರು ಮೊದಲ ಟೇಕ್‌ನಲ್ಲಿ ಹಸಿದ ಹೊಟ್ಟೆಗೆ ಗಬಗಬ ತಿಂದುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅನ್ನ ಕಂಡರೆ ಕಣ್ಣು ತೇಲಿಸುತ್ತಾರೆ. ಅವರ ಪಕ್ಕ, ಫ್ರೇಮಿನಿಂದಾಚೆ, ಉಗಿಯಲು ಒಂದು ಬಕೆಟ್ ಇಟ್ಟಿರುತ್ತೇವೆ. ಪಳಗಿದ ನಟರು ಕಲಸುತ್ತಾರೆ. ಡೈಲಾಗ್ ಮುಗಿಯುವವರೆಗೂ ಕಲಸುತ್ತಲೇ ಇರುತ್ತಾರೆ. ಆ ಸಾರನ್ನವನ್ನು ಅಷ್ಟು ಶ್ರದ್ಧೆಯಿಂದ ಕಲಸುವವರು ಯಾವ ಮನೆಯಲ್ಲೂ ಇರಲಾರರು.

ಹಪ್ಪಳಕ್ಕೆ ಇನ್ನೊಂದು ಶತ್ರು ಹುಟ್ಟಿಕೊಂಡಿದೆ. ಹಿಂದೆ ಮಾತನ್ನೆಲ್ಲ ಆಮೇಲೆ ಡಬ್ ಮಾಡುತ್ತಿದ್ದರು, ಸೆಟ್‌ನಲ್ಲಿ ಏನು ಸದ್ದಾದರೂ ನಡೆಯುತ್ತಿತ್ತು. ಈಗ ಕೆಲವರು ಸಿಂಕ್ ಸೌಂಡ್ ಎಂದು ಅಲ್ಲೇ ಧ್ವನಿ ಹಿಡಿಯುತ್ತಾರೆ. ನಾಯಕಿ ಕಣ್ಣೀರು ಹಾಕುವ ಕ್ಷಣಕ್ಕೆ ಸರಿಯಾಗಿ ಅಜ್ಜ ಕರಂ ಎನ್ನಿಸಿದರೆ ಮುಗಿಯಿತು. ಹಾಗಾಗಿ ಹಪ್ಪಳವನ್ನು ಗಾಳಿಗಿಟ್ಟು ಮೆತ್ತಗೆ ಮಾಡಿ ಕೊಡುತ್ತೇವೆ. ಮೆತ್ತಗಾದ ಹಪ್ಪಳವನ್ನು ದುಡ್ಡು ಕೊಟ್ಟು ಕೇಳಿ ಪಡೆಯುವ ಗಿರಾಕಿ ಇವರೊಬ್ಬರೇ.

ಕ್ಯಾಮೆರಾಕ್ಕೆ ತೀರಾ ಮೊಂಡು ಬೀಳುವ ಪದಾರ್ಥ ರಾಗಿ ಮುದ್ದೆ. ಕೋಲಲ್ಲಿ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದ ಗಳಿಗೆಯಲ್ಲಿ ಎಣ್ಣೆಗೆಂಪು ಕಲ್ಲಿನ ಹಾಗೆ ಹೊಳೆಯುತ್ತದೆ. ಲೈಟಿಂಗ್ ಸರಿಮಾಡುವಷ್ಟರಲ್ಲಿ ತೊಗಲು ಕಟ್ಟಿ, ಬಣ್ಣ ಮಾಸಿ, ಬಿರುಕು ಬಿಟ್ಟಿರುತ್ತದೆ. ತುಪ್ಪ ಸವರಿ ಒಂದೆರಡು ಟೇಕ್ ದೂಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಮುದ್ದೆಯ ದೃಶ್ಯವಿದ್ದರೆ ಒಲೆಯನ್ನೇ ಸೆಟ್ ಪಕ್ಕಕ್ಕೆ ಒಯ್ಯುತ್ತೇವೆ, ಮುದ್ದೆ ಕಟ್ಟುವ ಹೆಂಗಸನ್ನೂ ಕರೆದೊಯ್ಯುತ್ತೇವೆ. ಅಷ್ಟೆಲ್ಲ ಆದಮೇಲೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಟ ಮುದ್ದೆಯನ್ನು ಚಪಾತಿ ಅಗಿದಂತೆ ಅಗಿಯುತ್ತಾನೆ! ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅಗಿಯುವ ಗೌಡನನ್ನು ಮಂಡ್ಯದ ಥಿಯೇಟರ್ ಕ್ಷಮಿಸುವುದಿಲ್ಲ. ಇದನ್ನು ಹೇಳಿಕೊಡುವುದು ಯಾರ ಕೆಲಸ? ನಿರ್ದೇಶಕರು ಸಹ ನಿರ್ದೇಶಕರ ಕಡೆ ನೋಡುತ್ತಾರೆ, ಅವರು ನಮ್ಮ ಕಡೆ.

ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಈ ತಾಪತ್ರಯ ಬರಲಿಲ್ಲ. ಅದರಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯವರೇ. ನೂರೊಂದು ವರ್ಷದ ಸೆಂಚುರಿ ಗೌಡರು ಸತ್ತ ಹನ್ನೊಂದನೇ ದಿನದ ಊಟಕ್ಕೆ ಕುರಿ ಹೊಂದಿಸುವ ಪಾಡೇ ಆ ಕಥೆಯ ಒಂದು ಎಳೆ. ಅಲ್ಲಿ ಊಟ ಮಾಡುವವರು ಊಟವನ್ನೇ ಮಾಡುತ್ತಾರೆ, ನಟನೆಯನ್ನಲ್ಲ. ಹಾಗೆಯೇ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಎಂದರೆ ಇವತ್ತಿಗೂ ಜನಕ್ಕೆ ಲೋಕನಾಥರ ಉಪ್ಪಿನಕಾಯಿ ನೆನಪಾಗುತ್ತದೆ. ಇಡೀ ಚಿತ್ರದಲ್ಲಿ ಪ್ರವಾಹವಿದೆ, ದ್ವೇಷವಿದೆ, ನ್ಯಾಯಾಲಯವಿದೆ; ಬಾಯಲ್ಲಿ ನೀರೂರಿಸಿ ಅರ್ಧ ಶತಮಾನ ದಾಟಿ ಬಂದಿರುವುದು ಮಾತ್ರ ಒಂದು ಉಪ್ಪಿನಕಾಯಿ.

ಇನ್ನು ಬಾಳೆಎಲೆ. ತುದಿ ಉಣ್ಣುವವನ ಎಡಕ್ಕಿರಬೇಕು ಎಂಬುದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಸೆಟ್‌ನಲ್ಲಿ ‘ಫ್ರೇಮ್‌ಗೆ ಚೆನ್ನಾಗಿ ಕಾಣುತ್ತೆ’ ಎಂದು ಯಾರೋ ತಿರುಗಿಸಿರುತ್ತಾರೆ. ಎಲೆಯ ಮೇಲ್ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಂಬ ಕ್ರಮ ಜಿಲ್ಲೆಗೆ ಜಿಲ್ಲೆಗೆ, ಮನೆಗೆ ಮನೆಗೆ ಬದಲಾಗುತ್ತದೆ. ಹವ್ಯಕರ ಮದುವೆಯ ಎಲೆ ಬೇರೆ, ಹಾಸನದ ಒಕ್ಕಲಿಗರ ಮದುವೆಯ ಎಲೆ ಬೇರೆ. ಕುಂದಾಪುರದ ಮನೆಯೆಂದು ಹೇಳಿ ಸೋನಾಮಸೂರಿ ಅನ್ನ ಬಡಿಸಿದರೆ ಕರಾವಳಿಯವರು ಕುಚ್ಚಲಕ್ಕಿ ಎಲ್ಲಿ ಎಂದು ಕೇಳುತ್ತಾರೆ. ವಿಜಯಪುರದ ಕಥೆಗೆ ಜೋಳದ ರೊಟ್ಟಿ ಬೇಕು. ಅಲ್ಲಿಯ ಹೆಂಗಸರು ಕೈಯಲ್ಲಿ ಬಡಿದದ್ದಕ್ಕೂ, ಲಟ್ಟಣಿಗೆಯಲ್ಲಿ ಒತ್ತಿದ್ದಕ್ಕೂ ಅಂಚು ನೋಡಿಯೇ ವ್ಯತ್ಯಾಸ ಹೇಳುತ್ತಾರೆ. ಮೇಕಪ್‌ನವರಿಗೆ ಹಣೆಯ ಕುಂಕುಮ ಯಾವ ಕಡೆಯದೆಂದು ವಿಚಾರಿಸುವಷ್ಟು ವ್ಯವಧಾನವಿರುತ್ತದೆ. ತಟ್ಟೆಗೆ ಬಂದಾಗ ‘ಏನೋ ಒಂದು ಹಾಕಿ ಭಟ್ರೇ’. ಅಡುಗೆಯವನಾದರೆ ಸಾಕು, ಸೆಟ್‌ನಲ್ಲಿ ಎಲ್ಲರೂ ಭಟ್ರೇ.

ಬಿಸಿ ಅನ್ನ ಬಿದ್ದ ಕಡೆ ಎಲೆ ಕಂದುತ್ತದೆ. ಆದ್ದರಿಂದ ಕ್ಲೋಸ್ ಶಾಟ್‌ಗೆ ಉಗುರುಬೆಚ್ಚಗಿನ ಅನ್ನ. ಹಬೆ ಬೇಕೆಂದರೆ ಬಿಸಿನೀರಲ್ಲಿ ಅದ್ದಿದ ಹತ್ತಿಯುಂಡೆಯನ್ನು ಅನ್ನದ ಹಿಂದೆ ಅಡಗಿಸಬಹುದು, ಇಲ್ಲವೇ ಕಾಸ್ಟ್ಯೂಮ್‌ನವರ ಇಸ್ತ್ರಿ ಸ್ಟೀಮರನ್ನು ಕಾಡಿಬೇಡಿ ತರಬಹುದು. ಏನೇ ಮಾಡಿದರೂ ಹಿಂದಿನಿಂದ ಬೆಳಕು, ಅದರಾಚೆ ಕತ್ತಲೆ ಇಲ್ಲದಿದ್ದರೆ ಹಬೆ ಕಾಣುವುದೇ ಇಲ್ಲ. ಕೊತಕೊತ ಕುದಿಯುವ ಸಾರು ಕೂಡ ಬಿಳಿ ಗೋಡೆಯ ಮುಂದೆ ತಂಗಳಿನಂತೆ ಕಾಣುತ್ತದೆ. ಇದು ಒಲೆಯ ಕೆಲಸವಲ್ಲ, ಲೈಟ್‌ನವರ ಕೆಲಸ. ಬೈಗುಳ ಮಾತ್ರ ಒಲೆಗೆ.

ನಮ್ಮ ಊಟದ ನಿಜವಾದ ತೊಡಕು ಅದರ ಬಣ್ಣ. ಸಾರು, ಹುಳಿ, ಗೊಜ್ಜು, ಬಸ್ಸಾರು, ಎಣ್ಣೆಗಾಯಿ, ಎಲ್ಲವೂ ಕಂದು. ಕಣ್ಣಿಗೆ ಬೇರೆ ಬೇರೆ ಕಂಡದ್ದು ಪರದೆಯ ಮೇಲೆ ಒಂದೇ ಕೆಸರಾಗಿಬಿಡುತ್ತದೆ. ಆಗ ಮಾನಿಟರ್ ಕಡೆಯಿಂದ ಒಂದು ಕೂಗು: ‘ಸ್ವಲ್ಪ ಕಲರ್ ಹಾಕ್ರೀ.’ ಕಲರ್ ಎಂದರೆ ಅವರ ಮನಸ್ಸಿನಲ್ಲಿರುವುದು ಡಬ್ಬಿಯ ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸುವುದನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಆಜ್ಞೆ ಬಂತು. ಬೀದಿ ಬದಿಯ ಗಾಡಿಯವನಿಗೆ ಬೇಡವೆಂದ ಬಣ್ಣವನ್ನು ನಟನ ಬಾಯಿಗೆ ಹಾಕಿ ಎಂದು ಕೇಳಲು ಇವರಿಗೆ ಸಂಕೋಚವಿಲ್ಲ. ‘ಅವ್ರು ನುಂಗಲ್ಲ ಬಿಡಿ’ ಎಂಬ ಸಮಾಧಾನ ಬೇರೆ.

ನಾನು ಬ್ಯಾಡಗಿ ಮೆಣಸಿನಕಾಯಿಯ ಕಡೆ ಕೈ ತೋರಿಸುತ್ತೇನೆ. ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂದಿದೆ. ಅದನ್ನು ಎಣ್ಣೆಯಲ್ಲಿ ಹದವಾಗಿ ಕಾಯಿಸಿ, ಸೋಸಿ, ಶಾಟ್‌ಗೆ ಮುಂಚೆ ಸಾರಿನ ಮೇಲೆ ಒಂದು ಚಮಚ ತೇಲಿಬಿಟ್ಟರೆ ಯಾವ ಡಬ್ಬಿಯೂ ಬೇಡ. ಕರಿಬೇವನ್ನು ಕೊನೆಗೆ ಹಸಿಯಾಗಿಯೇ ಉದುರಿಸಬೇಕು, ಒಗ್ಗರಣೆಯದು ಕಪ್ಪಾಗಿ ಕಾಣುತ್ತದೆ. ಕ್ಯಾರೆಟ್ಟು, ಬೀನ್ಸು ಮುಕ್ಕಾಲು ಬೆಂದರೆ ಸಾಕು. ಅಷ್ಟಕ್ಕೂ ಹಸಿವಿಗೆ ಬಣ್ಣವೇ ಬೇಕೆಂದಿಲ್ಲ. ‘ಮಾಯಾಬಜಾರ್’ (1957) ಕಪ್ಪುಬಿಳುಪಿನ ಚಿತ್ರ, ಎಸ್.ವಿ. ರಂಗರಾವ್ ಘಟೋತ್ಕಚನಾಗಿ ಮದುವೆಯಡುಗೆಯ ನಡುವೆ ಕೂತರೆ ಲಾಡುಗಳು ತಾವೇ ಬಾಯಿಗೆ ಹೋಗುತ್ತವೆ. ಆ ಲಾಡು ಹಳದಿಯೋ ಕೇಸರಿಯೋ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಹಸಿವಾಯಿತು.

ಜಾಹೀರಾತಿನ ಫೋಟೊದವರದು ಬೇರೆ ಲೋಕ. ಐಸ್‌ಕ್ರೀಮಿನ ಬದಲು ಹಿಸುಕಿದ ಆಲೂಗಡ್ಡೆ, ಕೆನೆಯ ಬದಲು ಗಡ್ಡ ಹೆರೆಯುವ ನೊರೆ, ಪಾಕದ ಬದಲು ಇಂಜಿನ್ ಆಯಿಲ್. ಯಾರೂ ತಿನ್ನುವುದಿಲ್ಲವಾದ್ದರಿಂದ ನನ್ನ ತಕರಾರಿಲ್ಲ. ಸಿನಿಮಾದಲ್ಲಿ ಊಟ ಒಂದು ಬಾಯಿಗೆ ಹೋಗುತ್ತದೆ. ಸುಳ್ಳಾದರೂ ತಿನ್ನುವಂಥ ಸುಳ್ಳಾಗಿರಬೇಕು. ಚಾಪ್ಲಿನ್ ‘ದಿ ಗೋಲ್ಡ್ ರಷ್’ನಲ್ಲಿ (1925) ಬೇಯಿಸಿ ತಿಂದ ಬೂಟು ಅತಿಮಧುರದ ಮಿಠಾಯಿ. ನೂರು ವರ್ಷದ ಹಿಂದೆಯೇ ಬೂಟನ್ನು ತಿಂಡಿಯಾಗಿಸಿದರು. ನಾವು ತಿಂಡಿಯನ್ನು ಬೂಟಾಗಿಸುವುದು ಬೇಡ.

ತಿನ್ನುವಂಥ ಸುಳ್ಳುಗಳಿಗೆ ನಮ್ಮಲ್ಲಿ ಬರವಿಲ್ಲ. ಮಟನ್ ತಿನ್ನುವ ರೌಡಿ ಪಾತ್ರಕ್ಕೆ ಸಸ್ಯಾಹಾರಿ ನಟ ಬಂದರೆ ಎಳೆ ಹಲಸಿನ ಗುಜ್ಜೆ ಕಾಪಾಡುತ್ತದೆ. ನಾರು ನಾರಾಗಿ ಬಿಡಿಸಿಕೊಳ್ಳುವ ಪರಿ ನೋಡಿದರೆ ಮಟನ್ ಅಂಗಡಿಯವನೂ ಒಂದು ಗಳಿಗೆ ಅನುಮಾನಿಸಬೇಕು. ಬಾಳೆಕಾಯಿಯನ್ನು ಓರೆಯಾಗಿ ಹೆಚ್ಚಿ, ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿದರೆ ಅಂಜಲ್ ರವಾ ಫ್ರೈ. ವಿಸ್ಕಿ ಎಂದರೆ ಹಾಲು ಹಾಕದ ಚಹಾ. ಮದ್ಯಪಾನ ಹಾನಿಕರವೆಂಬ ಎಚ್ಚರಿಕೆ ಪರದೆಯ ಮೂಲೆಯಲ್ಲಿ ಮೂಡಿದಾಗ ಹೀರೋ ಗಂಭೀರವಾಗಿ ಹೀರುತ್ತಿರುವುದು ಆರಿದ ಡಿಕಾಕ್ಷನ್ನು. ಸಿಹಿತಿಂಡಿಗೆ ಬಾಯ್ಬಿಡುವ ಅಜ್ಜನ ಪಾತ್ರ ಮಾಡುವವರಿಗೆ ನಿಜಕ್ಕೂ ಸಕ್ಕರೆ ಕಾಯಿಲೆ ಇರುತ್ತದೆ; ಅವರಿಗೆ ಸಪ್ಪೆ ಪಾಯಸ. ಸಪ್ಪೆ ಪಾಯಸವನ್ನು ಕಣ್ಣು ಮುಚ್ಚಿ ಚಪ್ಪರಿಸುವುದಕ್ಕೆ ಯಾರಾದರೂ ಪ್ರಶಸ್ತಿ ಕೊಡಬೇಕು. ಅಂದಹಾಗೆ, ಕೋಳಿ ಸಾರು ನಮ್ಮ ಜವಾಬ್ದಾರಿ. ಅಂಗಳದಲ್ಲಿ ಕಾಳು ಹೆಕ್ಕುವ ಜೀವಂತ ಕೋಳಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಅದನ್ನು ನಮ್ಮ ತಲೆಗೆ ಕಟ್ಟಬೇಡಿ.

ಐತಿಹಾಸಿಕ ಚಿತ್ರ ಎಂದರೆ ನನಗೆ ಉತ್ಸಾಹವೂ ಹೌದು, ಭಯವೂ ಹೌದು. ಚಾಲುಕ್ಯರ ಅಡುಗೆಮನೆಯ ಸೆಟ್ ಹಾಕಿ ಅದರ ತೊಲೆಗೆ ಒಣಮೆಣಸಿನಕಾಯಿಯ ಸರ ತೂಗುಬಿಡುತ್ತಾರೆ. ಬುಟ್ಟಿಯಲ್ಲಿ ಟೊಮೆಟೊ, ಮೂಲೆಯಲ್ಲಿ ಆಲೂಗಡ್ಡೆ, ಸೈನಿಕರ ಕೈಯಲ್ಲಿ ಸುಟ್ಟ ಮುಸುಕಿನ ಜೋಳ. ಇವೆಲ್ಲ ಅಮೆರಿಕದಿಂದ ಹಡಗು ಹತ್ತಿ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹಕ್ಕೆ ಮೆಣಸಿನಕಾಯಿ ಬೀಳಲು ದಾರಿಯೇ ಇಲ್ಲ. ಶೇಂಗಾ ಚಟ್ನಿಯೂ ಇಲ್ಲ. ಪರಂಗಿ, ಸೀಬೆ, ಗೋಡಂಬಿ ಯಾವುದೂ ಇಲ್ಲ. ಕೃಷ್ಣದೇವರಾಯನ ಕಾಲಕ್ಕೆ ಬಂದರೆ ಬೇಕಾದರೆ ಚರ್ಚೆ ಮಾಡಬಹುದು. ಪುರಂದರದಾಸರದೆನ್ನುವ ಒಂದು ಪದದಲ್ಲಿ ಮೆಣಸಿನಕಾಯಿಯ ಪ್ರಸ್ತಾಪವಿದೆ.

ಹಾಗಾದರೆ ರಾಜರ ತಟ್ಟೆಗೆ ಏನು ಹಾಕುವುದು ಎಂದು ಕೇಳುತ್ತಾರೆ, ಅಷ್ಟೂ ಖಾಲಿಯಾಯಿತೇನೋ ಎಂಬ ಹಾಗೆ. ಕನ್ನಡ ನಾಡಿನಷ್ಟು ಅಡುಗೆಯ ದಾಖಲೆ ಇಟ್ಟುಕೊಂಡವರು ಕಡಿಮೆ. ಹತ್ತನೇ ಶತಮಾನದ ‘ವಡ್ಡಾರಾಧನೆ’ಯಲ್ಲೇ ಇಡ್ಡಲಿಗೆ ಇದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಭಾಗವೇ ಇದೆ. ಕಲ್ಯಾಣದ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟವನ್ನು ಬಾಯಿ ಚಪ್ಪರಿಸುತ್ತ ವರ್ಣಿಸಿದ್ದಾನೆ, ಅವನ ಇಡ್ಲಿ ಉದ್ದಿನದು, ಅದರಲ್ಲಿ ಅಕ್ಕಿಯ ಮಾತಿಲ್ಲ. ಮೂರನೇ ಮಂಗರಸನ ‘ಸೂಪಶಾಸ್ತ್ರ’ವಂತೂ ಪದ್ಯದಲ್ಲಿರುವ ಪಾಕಪುಸ್ತಕ. ಕರಿಮೆಣಸು, ಶುಂಠಿ, ಇಂಗು, ಜೀರಿಗೆ, ಹುಣಸೆ, ಮೊಸರು, ಬೆಲ್ಲ, ಹೆಸರು, ಉದ್ದು, ತೆಂಗು: ಇಷ್ಟಿದ್ದರೆ ನಮ್ಮ ಹುಡುಗರು ಒಂದು ಆಸ್ಥಾನಕ್ಕೆ ಅಡುಗೆ ಮಾಡಬಲ್ಲರು. ಇಷ್ಟು ದೂರ ಹೋಗುವುದೂ ಬೇಡ. 1930ರ ಬೆಂಗಳೂರಿನ ಹೋಟೆಲ್ ದೃಶ್ಯದಲ್ಲಿ ರವೆ ಇಡ್ಲಿ ಕೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಅದನ್ನು ಮಾಡಿದ್ದೆಂದು ಎಂಟಿಆರ್‌ನವರೇ ಹೇಳುತ್ತಾರೆ. ಅದನ್ನು ಹಾಕಿಕೊಡುವ ಸ್ಟೀಲ್ ತಟ್ಟೆಯ ಬಗ್ಗೆ ನಾನು ಬಾಯಿ ಬಿಡುವುದಿಲ್ಲ, ಅದು ಆರ್ಟ್‌ನವರ ಪಟ್ಟಿ.

ಈಗ ನನಗೆ ಸಿಟ್ಟು ಬರುವ ವಿಷಯ. ಮದುವೆಯ ದೃಶ್ಯ. ಪಂಕ್ತಿಯಲ್ಲಿ ಇನ್ನೂರು ಜನ ಜೂನಿಯರ್ ಆರ್ಟಿಸ್ಟ್‌ಗಳು. ಮುಂದಿನ ಎರಡು ಸಾಲಿಗೆ ನಿಜವಾದ ಊಟ, ಹಿಂದಿನ ಸಾಲುಗಳಿಗೆ ಅನ್ನದ ಮೇಲೆ ಅರಿಶಿನದ ನೀರು. ಕತ್ತಲಿರುವಾಗಲೇ ಎದ್ದು ವ್ಯಾನ್ ಹತ್ತಿ ಬಂದವರು, ಅವರಲ್ಲಿ ವಯಸ್ಸಾದವರೇ ಹೆಚ್ಚು. ಎಲೆ ಹಾಕಿ, ಬಡಿಸಿ, ಮೈಕಿನಲ್ಲಿ ಕೂಗುತ್ತಾರೆ: ‘ಯಾರೂ ಕೈ ಹಾಕಬೇಡಿ!’ ಆ್ಯಕ್ಷನ್ ಅಂದಾಗ ತಿನ್ನುವ ಹಾಗೆ ಮಾಡಬೇಕು, ಕಟ್ ಅಂದಾಗ ನಿಲ್ಲಿಸಬೇಕು, ತಿಂದರೆ ಕಂಟಿನ್ಯೂಟಿ ಹೋಗುತ್ತದೆ. ಎಲೆ ಮುಂದೆ ಕೂರಿಸಿ ಉಣ್ಣಬೇಡ ಎನ್ನುವುದು ನಮ್ಮ ಊರುಗಳಲ್ಲಿ ಬೈಗುಳಕ್ಕಿಂತ ದೊಡ್ಡ ಮಾತು. ಒಂದು ಚಿತ್ರದಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು ಅರಿಶಿನದ ನೀರಿನ ಅನ್ನವನ್ನೇ ಮೆಲ್ಲಗೆ ಬಾಯಿಗಿಟ್ಟುಕೊಂಡರು. ಗದರಿದ ಹುಡುಗನಿಗೆ, ‘ಉಪ್ಪಿಲ್ಲ ಕಣಪ್ಪ’ ಎಂದರು. ಅವನಿಗೆ ಉತ್ತರ ಹೊಳೆಯಲಿಲ್ಲ.

ಅದಕ್ಕಿಂತ ಕೆಟ್ಟದ್ದು ಪ್ಯಾಕಪ್ ಆದಮೇಲಿನ ಉದಾರತನ. ದಿನವಿಡೀ ಲೈಟಿನ ಕೆಳಗೆ ತೆರೆದಿದ್ದ ಕೊಪ್ಪರಿಗೆಯ ಅನ್ನವನ್ನು ‘ವೇಸ್ಟ್ ಮಾಡೋದ್ಯಾಕೆ, ಬಿಸಿ ಮಾಡಿ ಹಂಚಿ’ ಎನ್ನುತ್ತಾರೆ. ಬಡಿಸುವ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ ಫ್ರಿಜ್‌ನಲ್ಲಿರಬೇಕು. ನಡುವೆ ತಾಸುಗಟ್ಟಲೆ ಬಿದ್ದಿದ್ದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ನಾಯಕನಿಗೆ ಕೊಡದ್ದನ್ನು ಜೂನಿಯರ್‌ಗೆ ಕೊಡುವುದು ದಾನವಲ್ಲ. ಕ್ಯಾಮೆರಾದ ಅನ್ನ ಬೇರೆ ಪಾತ್ರೆ, ಹೊಟ್ಟೆಯ ಅನ್ನ ಬೇರೆ ಪಾತ್ರೆ ಎಂದು ನಾನು ಎರಡು ಒಲೆ ಹೂಡುತ್ತೇನೆ. ಗ್ಯಾಸಿನ ಬಿಲ್ ನೋಡಿ ಮುಖ ಸಿಂಡರಿಸುವವರು ಇದ್ದಾರೆ. ಅದಕ್ಕೊಂದು ಸುಲಭದ ಉಪಾಯವೂ ಇದೆ: ಊಟದ ದೃಶ್ಯವನ್ನು ಊಟದ ಹೊತ್ತಿಗೇ ಇಟ್ಟುಕೊಳ್ಳಿ. ಮೊದಲು ಕ್ಲೋಸ್‌ಗಳನ್ನು ತೆಗೆದು, ವೈಡ್ ಶಾಟ್ ಕೊನೆಗಿಡಿ. ಆಗ ಬಿಸಿ ಅಡುಗೆ ಬಡಿಸಿ, ಆ್ಯಕ್ಷನ್ ಎಂದು ಹೇಳಿ ಸುಮ್ಮನಾಗಿಬಿಡಿ. ಹಸಿದ ಇನ್ನೂರು ಜನ ಉಣ್ಣುವಾಗಿನ ಸದ್ದು, ಸಾರಿಗೆ ಎಲೆಯ ಮೇಲೆ ಕಟ್ಟೆ ಕಟ್ಟುವ ಕೈ, ‘ಇನ್ನೊಂದು ಸೌಟು’ ಎಂಬ ಕೂಗು, ಇದನ್ನು ಯಾವ ಡೈರೆಕ್ಷನ್ನೂ ಮಾಡಿಸಲಾರದು. ಒಬ್ಬ ಯುವ ನಿರ್ದೇಶಕ ಈ ಮಾತು ಕೇಳಿದ. ಒಂದೇ ಟೇಕ್ ಸಾಕಾಯಿತು.

ಇದಕ್ಕೆಲ್ಲ ಅಡುಗೆಯವನನ್ನು ದೃಶ್ಯ ಬರೆಯುವಾಗ ಕರೆಯಬೇಕು, ಶೂಟಿಂಗ್‌ನ ಹಿಂದಿನ ರಾತ್ರಿಯಲ್ಲ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ ಎಂದು ನಾನು ಕೇಳುತ್ತಿಲ್ಲ, ಹಾಕಿದರೆ ಬೇಡ ಎನ್ನುವುದೂ ಇಲ್ಲ. ಚಿತ್ರೀಕರಣ ಮುಗಿದ ದಿನ ಒಡೆಯುವ ಕುಂಬಳಕಾಯಿಗೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಸಿನಿಮಾರಂಗದಲ್ಲಿ ಅಷ್ಟು ಮರ್ಯಾದೆ ಸಿಕ್ಕಿರುವ ತರಕಾರಿ ಅದೊಂದೇ.

ಸದ್ಯ ಒಂದು ಹೊಸ ಚಿತ್ರದ ಕೊಟೇಶನ್ ನನ್ನ ಮೇಜಿನ ಮೇಲೆ ವಾಪಸು ಬಂದು ಬಿದ್ದಿದೆ. ಹಳ್ಳಿ ಮದುವೆ, ಎರಡು ದಿನದ ಶೂಟಿಂಗ್, 150 ಎಲೆ. ಪ್ರೊಡಕ್ಷನ್ ಮ್ಯಾನೇಜರ್ ಹೋಳಿಗೆಗೆ ಅಡ್ಡಗೆರೆ ಎಳೆದು ‘ಬಾಳೆಹಣ್ಣು ಸಾಕು’ ಎಂದು ಬರೆದಿದ್ದಾರೆ. ‘ಹಿಂದಿನ ಸಾಲಿಗೂ ಅದೇ ಸಾರು’ ಎಂದು ನಾನು ಬರೆದಿರುವುದರ ಪಕ್ಕ ಒಂದು ಪ್ರಶ್ನೆಚಿಹ್ನೆ. ಹೋಳಿಗೆಯನ್ನು ಬೇಕಾದರೆ ಬಿಟ್ಟುಕೊಡುತ್ತೇನೆ, ಹೂರಣದ ಖರ್ಚು ನನಗೂ ಗೊತ್ತು. ಸಾರಿನ ವಿಷಯ ಮಾತಾಡಲು ಸೋಮವಾರ ಗಾಂಧಿನಗರಕ್ಕೆ ಹೋಗಬೇಕು.